ಮುದ್ದೆ, ಬೇವು, ಬೆಳ್ಳುಳ್ಳಿ: ತುರಿಕೆ ಹತ್ತಿದ ನಾಟಿ ನಾಯಿಯೊಂದರ ಪ್ರಕರಣ

ನಾಯಿಯ ಹೆಸರು ಚಿನ್ನಿ. ಹೆಣ್ಣು, ನಾಟಿ ತಳಿ, ವಯಸ್ಸು ಸುಮಾರು 5 ವರ್ಷ, ಸಂತಾನಹರಣ ಚಿಕಿತ್ಸೆ ಆಗಿದೆ. ತುಮಕೂರಿನ ಕಡೆಯ ತೆಂಗಿನ ತೋಟದ ಮನೆ. ಮನೆಯವರು ಸಸ್ಯಾಹಾರಿಗಳು. ನಾಯಿಗೆಂದು ಮೊಟ್ಟೆ ತರಲು ಅಡ್ಡಿಯಿಲ್ಲ, ಆದರೆ ಅದು ಹಿತ್ತಲ ಒಲೆಯಲ್ಲೇ, ಬೇರೆ ಪಾತ್ರೆಯಲ್ಲೇ ಬೇಯಬೇಕು. ಇದು ಒಂದೇ ಮನೆಯ ಕಥೆಯಲ್ಲ. ಬಯಲುಸೀಮೆಯ ಇಂತಹ ಮನೆಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಸಂಗತಿಗಳನ್ನು ಒಂದು ನಾಯಿಯ ಲೆಕ್ಕಕ್ಕೆ ತಂದು ಬರೆದ ಪ್ರಕರಣ. ಹೆಸರು, ತೂಕ, ತಪಾಸಣೆಯ ಅಂಕಿಗಳು ಆ ಲೆಕ್ಕಕ್ಕೆ ಸೇರಿದವು. ಪ್ರಮಾಣಗಳನ್ನು ಮಾತ್ರ ಹಾಗೆಯೇ ಬಳಸಬಹುದು.

ದೂರು ಏನಿತ್ತು

ಮೂರು ತಿಂಗಳಿಂದ ತುರಿಕೆ. ಬಾಲದ ಬುಡದಲ್ಲಿ ಮತ್ತು ಹಿಂದೊಡೆಯ ಒಳಭಾಗದಲ್ಲಿ ಕೂದಲು ಉದುರಿ ಅಂಗೈಯಗಲ ಬೋಳಾಗಿತ್ತು. ಉಳಿದ ಮೈಯ ಕೂದಲು ಹೊಳಪಿಲ್ಲದೆ ಒರಟಾಗಿತ್ತು, ಕೈಯಾಡಿಸಿದರೆ ಹೊಟ್ಟು ಉದುರುತ್ತಿತ್ತು. ವಾರದಲ್ಲಿ ಎರಡು ಮೂರು ದಿನ ಮಲ ತೆಳ್ಳಗೆ. ಆಗಾಗ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಿತ್ತು. ಹೊಟ್ಟೆ ತುಂಬ ತಿಂದರೂ ಸೊರಗಿತ್ತು. ಇರಬೇಕಾದ್ದು 18 ಕೆಜಿ, ಇದ್ದದ್ದು 16.8.

ಮನೆಯವರು ಸುಮ್ಮನೆ ಕೂತಿರಲಿಲ್ಲ. ಚಿಗಟ, ಉಣ್ಣೆ ಓಡಲಿ ಎಂದು ದಿನಕ್ಕೆ ಮೂರು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಮುದ್ದೆಯೊಳಗಿಟ್ಟು ಎರಡು ತಿಂಗಳು ಕೊಟ್ಟಿದ್ದರು. ಬೋಳಾದ ಜಾಗಕ್ಕೆ ಬೇವಿನ ಎಣ್ಣೆಯನ್ನು ಏನೂ ಬೆರೆಸದೆ ಹಚ್ಚಿದ್ದರು. ಅದಕ್ಕೂ ಬಗ್ಗದಿದ್ದಾಗ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ ಬಿಸಿಮಾಡಿ ಸವರಿದ್ದರು. ಹುಳಕ್ಕೆಂದು ಬೆಳಗ್ಗೆ ಖಾಲಿ ಹೊಟ್ಟೆಗೆ ಬೇವಿನ ಸೊಪ್ಪಿನ ರಸ ಕುಡಿಸಿದ್ದರು. ಇವೆಲ್ಲವೂ ಮಾಡಿದ್ದು ಪ್ರೀತಿಯಿಂದಲೇ. ಆದರೆ ತುರಿಕೆಗೆ ಕಾರಣ ಏನೆಂದು ನೋಡುವ ಮೊದಲೇ ನಾಲ್ಕು ಮದ್ದು ಮೈಮೇಲೆ ಬಿದ್ದದ್ದರಿಂದ, ಯಾವ ಕೆಂಪು ರೋಗದ್ದು, ಯಾವುದು ಎಣ್ಣೆಯದ್ದು ಎಂದು ಬಿಡಿಸುವುದೇ ಮೊದಲ ಕೆಲಸವಾಯಿತು.

ತಪಾಸಣೆ

ತುರಿಕೆ ಎಲ್ಲಿದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಬಾಲದ ಬುಡ, ಸೊಂಟ, ಹಿಂದೊಡೆ ಎಂದರೆ ಮೊದಲು ಚಿಗಟವನ್ನೇ ಹುಡುಕಬೇಕು. ಕಿವಿಯಂಚು ಮತ್ತು ಮೊಣಕೈಯಾದರೆ ಕಜ್ಜಿಯ ನುಸಿ. ಪಂಜ, ಕಂಕುಳು, ಕಿವಿಯೊಳಗಾದರೆ ಅಲರ್ಜಿಯ ಕಡೆಗೆ ಯೋಚನೆ ಹೋಗಬೇಕು.

ಚಿನ್ನಿಯ ಮೈಮೇಲೆ ಒಂದು ಚಿಗಟವೂ ಕಣ್ಣಿಗೆ ಬೀಳಲಿಲ್ಲ. ಹೀಗಾಗಿಯೇ ಬಹಳ ಮಂದಿ ‘ನಮ್ಮ ನಾಯಿಗೆ ಚಿಗಟ ಇಲ್ಲ’ ಎಂದುಬಿಡುತ್ತಾರೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿದಾಗ ಸುತ್ತ ಕೆಂಗಂದು ಬಣ್ಣ ಹರಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಈ ಪರೀಕ್ಷೆಗೆ ಆಸ್ಪತ್ರೆ ಬೇಕಿಲ್ಲ. ಯಾರ ಮನೆಯಲ್ಲೂ ಎರಡು ನಿಮಿಷದಲ್ಲಿ ಮಾಡಬಹುದು. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿ ಬೆರಳೆಣಿಕೆಯ ಕಡಿತಕ್ಕೇ ಮೈಯೆಲ್ಲ ಕೆರೆದುಕೊಳ್ಳುತ್ತದೆ, ಕೆರೆದು ನೆಕ್ಕಿ ಚಿಗಟವನ್ನು ನುಂಗಿಯೂ ಬಿಡುತ್ತದೆ.

ಆ ನುಂಗಿದ್ದೇ ಮುಂದಿನ ಸುಳಿವಾಯಿತು. ಗುದದ ಸುತ್ತ ಒಣಗಿದ ಅಕ್ಕಿಕಾಳಿನಂಥ ತುಣುಕುಗಳಿದ್ದವು. ಅವು ಲಾಡಿಹುಳುವಿನ ತುಂಡುಗಳು. ಈ ಹುಳುವಿನ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಚಿಗಟ ದೊಡ್ಡದಾದ ಮೇಲೆ ನಾಯಿ ಅದನ್ನು ನುಂಗುತ್ತದೆ, ಎರಡು ಮೂರು ವಾರದಲ್ಲಿ ಕರುಳಿನಲ್ಲಿ ಹೊಸ ಹುಳು ಬೆಳೆಯುತ್ತದೆ. ನೆಲಕ್ಕೆ ಉಜ್ಜುವುದಕ್ಕೆ ಇದೇ ಕಾರಣ. ಹೊಟ್ಟೆ ಆಗಾಗ ಕೆಡುವುದರಲ್ಲೂ ಇದರ ಪಾಲು ಇರಬಹುದು.

ಚರ್ಮ ಕೆರೆದು ನೋಡಿದಾಗ ಕಜ್ಜಿಯ ನುಸಿ ಇರಲಿಲ್ಲ. ಕೆಲವು ಕೀವುಗುಳ್ಳೆಗಳಿಂದ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಕೆರೆದ ಗಾಯದ ಮೇಲೆ ಕೂತ ಎರಡನೆಯ ಸೋಂಕು ಅದು. ಉಣ್ಣೆಜ್ವರದ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ, ಪ್ಲೇಟ್‌ಲೆಟ್ ಸರಿಯಿತ್ತು, ಮೂತ್ರಪಿಂಡದ ಅಂಕಿ ಸರಿಯಿತ್ತು. ಆದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 33. ಆರೋಗ್ಯವಂತ ನಾಯಿಯಲ್ಲಿ ಇದು ಶೇ 37ರಿಂದ 55ರ ನಡುವೆ ಇರಬೇಕು. ರಕ್ತದ ಲೇಪನದಲ್ಲಿ ಕೆಲವು ಕೆಂಪುಕಣಗಳ ಅಂಚಿಗೆ ಸಣ್ಣ ಗುಳ್ಳೆಯಂಥ ಉಬ್ಬು ಕಂಡಿತು. ಹೀನ್ಜ್ ಕಾಯ ಎನ್ನುವ ಈ ಗುರುತು, ಕೆಂಪುಕಣದ ಹಿಮೊಗ್ಲೋಬಿನ್ ಉತ್ಕರ್ಷಣೆಗೊಂಡು ಕೆಟ್ಟಿದೆ ಎಂದು ಹೇಳುತ್ತದೆ.

ಬೆಳ್ಳುಳ್ಳಿಯ ಪಾಲೆಷ್ಟು

ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ಇರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪುಕಣವನ್ನು ಹೀಗೆ ಕೆಡಿಸುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಗುಣ ಹೋಗುವುದಿಲ್ಲ. ಈರುಳ್ಳಿಯ ಮಟ್ಟಿಗೆ, ಒಂದೇ ಸಲಕ್ಕೆ ದೇಹತೂಕದ ಶೇ 0.5ಕ್ಕಿಂತ ಹೆಚ್ಚು ತಿಂದರೆ ವಿಷವಾಗುವ ಸಂಭವವಿದೆ. ಚಿನ್ನಿಯ ತೂಕಕ್ಕೆ ಅದು ಸುಮಾರು 85 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಈರುಳ್ಳಿ. ತೂಕಕ್ಕೆ ತೂಕ ನೋಡಿದರೆ ಬೆಳ್ಳುಳ್ಳಿ ಈರುಳ್ಳಿಗಿಂತ ಪ್ರಬಲ. 2000ನೇ ಇಸವಿಯಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ ಕೆಜಿಗೆ 5 ಗ್ರಾಂ ಬೆಳ್ಳುಳ್ಳಿಗೆ ಸಮನಾದ ಸಾರವನ್ನು 7 ದಿನ ಕೊಟ್ಟಾಗ ನಾಯಿಗಳ ಕೆಂಪುಕಣಗಳು ಹಾನಿಗೊಂಡವು.

ಇಲ್ಲಿ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಬೇಕು. ಬೆಳ್ಳುಳ್ಳಿಯ ಮೂರು ದಪ್ಪ ಎಸಳು 6ರಿಂದ 9 ಗ್ರಾಂ ತೂಗುತ್ತವೆ. ಚಿನ್ನಿಗೆ ಅದು ಕೆಜಿಗೆ ಹೆಚ್ಚೆಂದರೆ ಅರ್ಧ ಗ್ರಾಂ, ಆ ಪ್ರಯೋಗದ ಪ್ರಮಾಣದ ಹತ್ತನೇ ಒಂದು ಭಾಗ. ಆದ್ದರಿಂದ ರಕ್ತ ಕಡಿಮೆಯಾದದ್ದನ್ನು ಪೂರ್ತಿ ಬೆಳ್ಳುಳ್ಳಿಯ ಮೇಲೆ ಹೊರಿಸುವುದು ಸರಿಯಲ್ಲ. ರಾತ್ರಿಯ ಹುಳಿಯಲ್ಲಿ ಈರುಳ್ಳಿ ಇರುತ್ತಿತ್ತು, ಚಿಗಟ ರಕ್ತ ಹೀರುತ್ತಿತ್ತು, ಊಟದಲ್ಲಿ ರಕ್ತ ಕಟ್ಟುವ ಪ್ರೊಟೀನೇ ಕಮ್ಮಿಯಿತ್ತು. ಎಲ್ಲ ಸೇರಿ ಹೀಗಾಗಿದೆ. ಆದರೂ ಬೆಳ್ಳುಳ್ಳಿ ನಿಲ್ಲಿಸಿ ಎಂದು ಹೇಳಲು ಇಷ್ಟು ಸಾಕು. ನಾಯಿಯ ಮೈಯಿಂದ ಚಿಗಟ ಬಿಡಿಸುವ ಶಕ್ತಿ ಅದಕ್ಕಿಲ್ಲ. ಲಾಭವೇ ಇಲ್ಲದ ಕಡೆ ಸಣ್ಣ ಅಪಾಯವನ್ನಾದರೂ ಯಾಕೆ ಹೊರಬೇಕು?

ಹುಳಿಯಲ್ಲಿ ಇನ್ನೊಂದು ತೊಡಕಿದೆ, ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆಂಬುದು ಹಳೆಯ ತಿಳಿವಳಿಕೆ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಅಮೆರಿಕದ ಪಶು ವಿಷತಜ್ಞರು 2021ರಲ್ಲಿ ಮುಂದಿಟ್ಟರು. ಅದೇ ಆಮ್ಲ ತುಂಬಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಮೂತ್ರಪಿಂಡದ ಹಾನಿ ದಾಖಲಾಗಿದೆ. ಒಂದು ಸೌಟು ತಿಳಿಸಾರಿನಿಂದ ನಾಯಿ ಸಾಯುತ್ತದೆ ಎಂದು ಇದರರ್ಥವಲ್ಲ. ಆದರೆ ದಿನವೂ ಈರುಳ್ಳಿ, ಹುಣಸೆ, ಖಾರ, ಉಪ್ಪು ಸೇರಿದ ಹುಳಿ ಕಲಸಿ ಹಾಕುವುದಕ್ಕೆ ಯಾವ ಸಮರ್ಥನೆಯೂ ಉಳಿದಿಲ್ಲ. ಪಾಯಸದಲ್ಲಿ ಒಣದ್ರಾಕ್ಷಿ ಇದ್ದರೆ ಆ ಪಾತ್ರೆಯನ್ನು ನಾಯಿಗೆ ನೆಕ್ಕಲೂ ಬಿಡಬಾರದು.

ತಟ್ಟೆಯ ಲೆಕ್ಕ

ಚಿನ್ನಿಯ ದಿನದ ಊಟ ಹೀಗಿತ್ತು: ಬೆಳಗ್ಗೆ 120 ಗ್ರಾಂ ಹಿಟ್ಟಿನ ಮುದ್ದೆ, ಒಂದು ಲೋಟ ಮಜ್ಜಿಗೆ. ರಾತ್ರಿ 120 ಗ್ರಾಂ ಅಕ್ಕಿಯ ಅನ್ನ, ಅದಕ್ಕೆ ಹುಳಿ. ನಡುವೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು. ಒಟ್ಟು ಸುಮಾರು 940 ಕಿಲೊಕ್ಯಾಲರಿ.

18 ಕೆಜಿಯ ನಾಯಿಗೆ ಎಷ್ಟು ಬೇಕು? ತೂಕವನ್ನು 0.75ನೇ ಘಾತಕ್ಕೇರಿಸಿ 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರಲು ಬೇಕಾದ ಶಕ್ತಿ ಸಿಗುತ್ತದೆ, ಇಲ್ಲಿ 612. ಸಂತಾನಹರಣವಾದ, ಅಂಗಳದಲ್ಲಿ ಓಡಾಡಿಕೊಂಡಿರುವ ನಾಯಿಗೆ ಅದರ 1.4ರಿಂದ 1.6 ಪಟ್ಟು, ಅಂದರೆ 860ರಿಂದ 980. ಹಾಗಾದರೆ ಹೊಟ್ಟೆಗೆ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ಬೇರೆ.

ವಯಸ್ಕ ನಾಯಿಗೆ ಪ್ರತಿ 1000 ಕಿಲೊಕ್ಯಾಲರಿಗೆ ಕನಿಷ್ಠ 45 ಗ್ರಾಂ ಪ್ರೊಟೀನ್, 1.25 ಗ್ರಾಂ ಕ್ಯಾಲ್ಸಿಯಂ, 2.8 ಗ್ರಾಂ ಲಿನೊಲೆಯಿಕ್ ಆಮ್ಲ, 20 ಮಿಗ್ರಾಂ ಸತು ಬೇಕೆಂದು ಸಾಕುಪ್ರಾಣಿಗಳ ಆಹಾರಕ್ಕೆ ಅಮೆರಿಕದ ಆಫ್ಕೋ ಸಂಸ್ಥೆ ಗೊತ್ತುಮಾಡಿದ ಮಾನದಂಡ ಹೇಳುತ್ತದೆ. ಚಿನ್ನಿಯ ತಟ್ಟೆಯಲ್ಲಿ ಪ್ರೊಟೀನ್ 21 ಗ್ರಾಂ ಆಸುಪಾಸು, ಬೇಕಾದ್ದರ ಅರ್ಧ. ಕ್ಯಾಲ್ಸಿಯಂ ಅರ್ಧ ಗ್ರಾಂ ಚಿಲ್ಲರೆ. ಲಿನೊಲೆಯಿಕ್ ಆಮ್ಲ ಒಗ್ಗರಣೆಯ ಎಣ್ಣೆ ಬಿಟ್ಟರೆ ಒಂದು ಗ್ರಾಮಿಗೂ ಹೋಗದು. ಚರ್ಮದ ಹೊರಪದರ ನೀರನ್ನು ಹಿಡಿದಿಟ್ಟುಕೊಳ್ಳುವುದು ಈ ಕೊಬ್ಬಿನಾಮ್ಲದ ಬಲದಿಂದ. ಅದು ಕಡಿಮೆಯಾದರೆ ಕೂದಲು ಒರಟಾಗಿ ಹೊಟ್ಟು ಏಳುತ್ತದೆ. ಚಿನ್ನಿಯ ಮೈಯ ಬಾಚಿಗೆ ಬಾರದ ಕೂದಲಿಗೆ ಕಾರಣ ಇಲ್ಲಿತ್ತು.

ರಾಗಿಯ ಬಗ್ಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲೇ ಅದು ಹೆಚ್ಚು. ನಾಯಿಗೆ ರಾಗಿ ಕೆಟ್ಟದ್ದೇನೂ ಅಲ್ಲ. ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂನ ಒಂದಷ್ಟು ಪಾಲನ್ನು, ಸತುವನ್ನು ಇನ್ನೂ ಹೆಚ್ಚಾಗಿ ಕಟ್ಟಿಹಾಕುತ್ತದೆ. ‘ರಾಗಿಯಲ್ಲೇ ಕ್ಯಾಲ್ಸಿಯಂ ಇದೆಯಲ್ಲ’ ಎಂದು ಮುದ್ದೆಯೊಂದನ್ನೇ ನಂಬಿದ ನಾಯಿಗಳ ಮೂಗಿನ ಸುತ್ತ, ಕಣ್ಣಿನ ಸುತ್ತ ಹಕ್ಕಳೆ ಕಟ್ಟುವುದುಂಟು. ಸತು ಸಾಲದ ಗುರುತುಗಳಲ್ಲಿ ಅದೊಂದು.

ಮೊದಲು ಚಿಗಟ ಮತ್ತು ಹುಳು

ಈ ಎರಡಕ್ಕೆ ಮೂಲಿಕೆಯನ್ನು ನೆಚ್ಚಲಿಲ್ಲ. ವೈದ್ಯರು ಅಫಾಕ್ಸೊಲ್ಯಾನರ್ ಎಂಬ ಅಗಿಯುವ ಮಾತ್ರೆ ಬರೆದರು. 10ರಿಂದ 25 ಕೆಜಿಯ ನಾಯಿಗೆ 68 ಮಿಗ್ರಾಂ, ತಿಂಗಳಿಗೊಂದು, ಮೂರು ತಿಂಗಳು. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಔಷಧವನ್ನು ವೈದ್ಯರು ತೂಗಿನೋಡಿಯೇ ಕೊಡಬೇಕು. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್, ಕೆಜಿಗೆ 5 ಮಿಗ್ರಾಂ, ನಾಲ್ಕು ವಾರದ ಮೇಲೆ ಇನ್ನೊಮ್ಮೆ. ಚಿಗಟ ತೊಲಗದೆ ಹುಳುವಿನ ಮಾತ್ರೆ ಎಷ್ಟು ಸಲ ಕೊಟ್ಟರೂ ಹುಳು ಮರಳಿ ಬರುತ್ತದೆ.

ಮೂರು ತಿಂಗಳು ಯಾಕೆಂದರೆ, ನಾಯಿಯ ಮೈಮೇಲಿರುವ ಚಿಗಟ ಒಟ್ಟು ಸಂಖ್ಯೆಯ ಶೇ 5 ಮಾತ್ರ. ಉಳಿದ ಶೇ 95 ಮೊಟ್ಟೆ, ಮರಿ, ಗೂಡಾಗಿ ಗೋಣಿಚೀಲದಲ್ಲಿ, ಜಗಲಿಯ ಬಿರುಕಿನಲ್ಲಿ, ತೆಂಗಿನ ಗರಿಯ ರಾಶಿಯಲ್ಲಿ ಇರುತ್ತದೆ. ಗೂಡಿನೊಳಗಿನ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಮಲಗುವ ಗೋಣಿಚೀಲ ಸುಟ್ಟು, ಎರಡು ಹಳೆಯ ಹತ್ತಿ ಜಮಖಾನೆ ಕೊಟ್ಟು, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕುವಂತೆ ಹೇಳಲಾಯಿತು. ಜಗಲಿಯ ಬಿರುಕುಗಳಿಗೆ ಸಿಮೆಂಟು ಮೆತ್ತಿದರು. ಕೊಟ್ಟಿಗೆಯ ಬೆಕ್ಕಿಗೂ ಚಿಗಟದ ಔಷಧ ಬೇಕಾಯಿತು, ಆದರೆ ಅದು ಬೆಕ್ಕಿಗೆಂದೇ ಮಾಡಿದ್ದು. ನಾಯಿಗೆ ಹಾಕುವ ಪರ್ಮೆತ್ರಿನ್ ಎಂಬ ಚಿಗಟದ ಔಷಧ ಬೆಕ್ಕಿನ ಪ್ರಾಣಕ್ಕೇ ಎರವಾಗುತ್ತದೆ.

ಕೀವುಗುಳ್ಳೆಗೆ ಕ್ಲೋರ್‌ಹೆಕ್ಸಿಡಿನ್ ಇರುವ ನಾಯಿಶಾಂಪೂ, ವಾರಕ್ಕೆರಡು ಸಲ, ಮೂರು ವಾರ. ನೊರೆ ಹತ್ತು ನಿಮಿಷ ಮೈಮೇಲೆ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಹಚ್ಚಿದ ತಕ್ಷಣ ತೊಳೆಯುವುದರಿಂದಲೇ ಹೆಚ್ಚಿನ ಕಡೆ ಇದು ಸೋಲುತ್ತದೆ.

ಹೊಸ ಊಟ

ಒಂದು ದಿನದ ಅಳತೆ, ಎಲ್ಲವನ್ನೂ ಬೇಯಿಸುವ ಮೊದಲು ತೂಗಿದ್ದು:

- ರಾಗಿ ಹಿಟ್ಟು 60 ಗ್ರಾಂ
- ಅಕ್ಕಿ 45 ಗ್ರಾಂ
- ಹೆಸರುಬೇಳೆ 40 ಗ್ರಾಂ
- ಮೊಟ್ಟೆ 4
- ಗಟ್ಟಿ ಮೊಸರು 150 ಗ್ರಾಂ
- ಸಿಹಿಕುಂಬಳಕಾಯಿ 80 ಗ್ರಾಂ
- ಸೂರ್ಯಕಾಂತಿ ಎಣ್ಣೆ 1 ಟೀ ಚಮಚ
- ಮೊಟ್ಟೆಚಿಪ್ಪಿನ ಪುಡಿ 2 ಗ್ರಾಂ
- ಅಯೋಡಿನ್ ಉಪ್ಪು ಒಂದು ಚಿಟಿಕೆ

ಇದರಲ್ಲಿ ಸುಮಾರು 930 ಕಿಲೊಕ್ಯಾಲರಿ, 48 ಗ್ರಾಂ ಪ್ರೊಟೀನ್ ಇದೆ. ಪ್ರೊಟೀನ್ ಕನಿಷ್ಠಕ್ಕಿಂತ ತುಸು ಮೇಲಿಟ್ಟದ್ದು ಬೇಕೆಂದೇ. ಬೇಳೆ, ರಾಗಿಯ ಪ್ರೊಟೀನ್ ಮೊಟ್ಟೆಯದರಷ್ಟು ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಚಿಪ್ಪಿನ ಪುಡಿ ಸೇರಿ 1.3 ಗ್ರಾಂ, ರಂಜಕ 0.85 ಗ್ರಾಂ. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಾಗಬಾರದು, ಎರಡು ಪಟ್ಟು ಮೀರಲೂಬಾರದು.

ಅಕ್ಕಿ, ಬೇಳೆ, ಕುಂಬಳಕಾಯಿಯನ್ನು ಒಟ್ಟಿಗೆ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಬೇಕು. ಬೇಳೆ ಬೆರಳಿನಲ್ಲಿ ಒತ್ತಿದರೆ ಕರಗಿಹೋಗುವಷ್ಟು ಬೇಯಬೇಕು, ನಾಯಿ ಅಗಿಯದೆ ನುಂಗುವ ಪ್ರಾಣಿ. ರಾಗಿಯನ್ನು ಮುದ್ದೆ ಕಟ್ಟುವ ಬದಲು ಗಂಜಿಗಿಂತ ಗಟ್ಟಿಯಾಗಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಕಲಸಿದರೆ ಒಳ್ಳೆಯದು. ಮೊಟ್ಟೆ ಪೂರ್ತಿ ಬೇಯಲಿ. ಹಸಿ ಬಿಳಿಯಲ್ಲಿರುವ ಅವಿಡಿನ್ ಬಯೋಟಿನ್ ಎಂಬ ಚರ್ಮಕ್ಕೆ ಬೇಕಾದ ಜೀವಸತ್ವವನ್ನು ಕಟ್ಟಿಹಾಕುತ್ತದೆ, ಜೊತೆಗೆ ಸಾಲ್ಮೊನೆಲ್ಲಾ ಭಯ ಬೇರೆ. ಎಣ್ಣೆ, ಮೊಸರು, ಚಿಪ್ಪಿನ ಪುಡಿ ಮಾತ್ರ ಆರಿದ ಮೇಲೆ. ಎರಡು ಹೊತ್ತಿಗೆ ಸಮನಾಗಿ ಹಂಚಬೇಕು.

ಚಿಪ್ಪಿನ ಪುಡಿಗೆ: ಖಾಲಿ ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗುವ ತನಕ ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಬೀಸಿ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಚೂರು ಉಳಿದರೆ ಕರುಳಿಗೆ ಚುಚ್ಚುತ್ತದೆ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಗ್ರಾಂ ಕ್ಯಾಲ್ಸಿಯಂ. 2 ಗ್ರಾಂ ಎಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ‘ಕ್ಯಾಲ್ಸಿಯಂ ಒಳ್ಳೆಯದೇ ತಾನೆ’ ಎಂದು ಚಮಚ ತುಂಬ ಹಾಕಿದರೆ ಸತು ಹೀರಿಕೊಳ್ಳುವುದು ಇನ್ನಷ್ಟು ಕುಗ್ಗಿ, ವಾಸಿಯಾಗಬೇಕಾದ ಚರ್ಮವೇ ಕೆಡುತ್ತದೆ.

ಎಷ್ಟು ಒಪ್ಪವಾಗಿ ಅಳೆದರೂ ಈ ಊಟದಲ್ಲಿ ಸತು ಬೇಕಾದ್ದರ ಮೂರನೇ ಒಂದು ಭಾಗದಷ್ಟೇ ಬರುತ್ತದೆ. ಅಯೋಡಿನ್, ಜೀವಸತ್ವ ಇ, ತಾಮ್ರ ಕೂಡ ಸಾಲದೆ ಬೀಳುತ್ತವೆ. ಮನೆಯಡಿಗೆ ಉಣ್ಣುವ ನಾಯಿಗೆ ವೈದ್ಯರು ಹೇಳಿದ ಖನಿಜ ಮತ್ತು ಜೀವಸತ್ವದ ಪುಡಿ ಊಟದ ಭಾಗವೇ ಹೊರತು ಐಚ್ಛಿಕವಲ್ಲ. ಇದನ್ನು ‘ಕೆಮಿಕಲ್’ ಎಂದು ದೂರವಿಟ್ಟು, ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದವರ ನಾಯಿಗಳೂ ಆರು ತಿಂಗಳಲ್ಲಿ ಮತ್ತೆ ಸೊರಗುತ್ತವೆ. ಮನುಷ್ಯರ ಮಾತ್ರೆ ಕೊಡಬೇಡಿ, ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೆ ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಮಾಂಸ ನಡೆಯುವ ಮನೆಯಾದರೆ ಎರಡು ಮೊಟ್ಟೆಯ ಬದಲು 100 ಗ್ರಾಂ ಮೂಳೆಯಿಲ್ಲದ ಕೋಳಿ ಹಾಕಬಹುದು. ಬೇಯಿಸಿದ ಮೂಳೆ ಯಾವ ಕಾರಣಕ್ಕೂ ಬೇಡ, ಅದು ಸೀಳಿ ಚೂಪಾಗುತ್ತದೆ. ಒಮೆಗಾ-3 ಎಂಬ ಕೊಬ್ಬಿನಾಮ್ಲಕ್ಕೆ ಅಗಸೆ ಬೀಜ ಸಾಕೇ ಎಂದು ಹಲವರು ಕೇಳುತ್ತಾರೆ. ಅಗಸೆಯದನ್ನು ಚರ್ಮಕ್ಕೆ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುವ ಶಕ್ತಿ ನಾಯಿಗೆ ಬಹಳ ಕಡಿಮೆ. ಮೀನೆಣ್ಣೆಯ ಕ್ಯಾಪ್ಸೂಲನ್ನು ಔಷಧವೆಂದು ಒಪ್ಪಿ ಚಿನ್ನಿಗೆ ದಿನಕ್ಕೊಂದು ಕೊಟ್ಟರು. ಅದೂ ಬೇಡ ಎನ್ನುವವರಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ. ಕೊಬ್ಬರಿ ಎಣ್ಣೆಯಲ್ಲಿ ಒಮೆಗಾ-3 ಇಲ್ಲ, ಲಿನೊಲೆಯಿಕ್ ಆಮ್ಲವೂ ನಗಣ್ಯ. ತೋಟದ ಮನೆಯವರಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ.

ಮದ್ದುಗಳಲ್ಲಿ ಯಾವುದು ಉಳಿಯಿತು

ಮನೆಯ ಹಿರಿಯರ ಪ್ರಶ್ನೆ ನ್ಯಾಯವಾಗಿತ್ತು: ‘ಹಸೂಗೆ ಬೇವು, ಅರಿಶಿನ, ಲೋಳೆಸರ ಎಲ್ಲ ಆಗುತ್ತೆ. ನಾಯಿಗೆ ಯಾಕಾಗಲ್ಲ ಡಾಕ್ಟ್ರೇ?’

ಹಸುವಿನ ಕೆಚ್ಚಲುಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ಹೊರಗಿನ ಪರೋಪಜೀವಿಗಳಿಗೆ ಬೇವು, ಬೆಳ್ಳುಳ್ಳಿ, ಬಜೆ, ಲಂಟಾನ ಸೊಪ್ಪು ಅರೆದು ಸೋಸಿ ಸಿಂಪಡಿಸುವ ಕ್ರಮವೂ ಅದರಲ್ಲಿದೆ. ಅವು ದನಕ್ಕೆ ಲೆಕ್ಕ ಹಾಕಿದವು. ನಾಯಿ ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ನುಂಗುತ್ತದೆ. ಅದರ ಹೊರಚರ್ಮ ತೆಳು, ತೂಕ ಹಸುವಿನ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಲೋಳೆಸರದ ಸಿಪ್ಪೆಯಡಿಯ ಹಳದಿ ಹಾಲು ಹೊಟ್ಟೆಗೆ ಹೋದರೆ ಭೇದಿ. ಲಂಟಾನ ಯಕೃತ್ತಿಗೆ ವಿಷ. ಆದ್ದರಿಂದ ಅದೇ ಗಿಡಗಳನ್ನು ನಾಯಿಗೆ ಹೊಂದುವಂತೆ ಬಳಸಬೇಕು, ಕೆಲವನ್ನು ಬಿಡಲೇಬೇಕು.

ಕರ್ಪೂರ ಮೊದಲು ಬಿಡಬೇಕಾದ್ದು. ಅದು ಚರ್ಮದ ಮೂಲಕ ಬೇಗ ರಕ್ತ ಸೇರುತ್ತದೆ, ನೆಕ್ಕಿದರೆ ಇನ್ನೂ ಬೇಗ. ವಾಂತಿ, ನಡುಕ, ಕೊನೆಗೆ ಫಿಟ್ಸ್. ಟೀ ಟ್ರೀ ಎಣ್ಣೆಯದೂ ಇದೇ ಕಥೆ. ಬೇವಿನ ಎಣ್ಣೆಯನ್ನು ಹಾಗೇ ಹಚ್ಚಿದ್ದರಿಂದ ಚಿನ್ನಿಯ ತೊಡೆಯ ಒಳಭಾಗ ಸುಟ್ಟಂತೆ ಕೆಂಪಾಗಿತ್ತು, ನೆಕ್ಕಿದ ದಿನ ಜೊಲ್ಲು ಸುರಿಸಿ ವಾಂತಿ ಮಾಡಿತ್ತು. ಬಳಸಲೇಬೇಕೆಂದರೆ ಒಂದು ಪಾಲು ಬೇವಿನೆಣ್ಣೆಗೆ ಹತ್ತು ಪಾಲು ಕೊಬ್ಬರಿ ಎಣ್ಣೆ, ಗಾಯವಿಲ್ಲದ ಚರ್ಮಕ್ಕೆ ಮಾತ್ರ, ಒಣಗುವವರೆಗೆ ನೆಕ್ಕದಂತೆ ತಡೆಯುವ ಅಗಲದ ಕೊರಳಪಟ್ಟಿ ಹಾಕಿ. ಬೇವಿನ ರಸ ಕುಡಿಸುವುದನ್ನು ನಿಲ್ಲಿಸಲಾಯಿತು. ಲಾಡಿಹುಳು ಅದಕ್ಕೆ ಸಾಯುವುದಿಲ್ಲ, ಹೊಟ್ಟೆ ಮಾತ್ರ ಕೆಡುತ್ತದೆ.

ಉಳಿಸಿಕೊಂಡದ್ದು ಇವು. ಬೇವಿನ ಸೊಪ್ಪಿನ ನೀರು: 100 ಗ್ರಾಂ ಹಸಿ ಎಲೆಯನ್ನು 3 ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಪೂರ್ತಿ ಆರಿಸಿ, ಸೋಸಿ, ಸ್ನಾನದ ಕೊನೆಗೆ ಮೈಮೇಲೆ ಸುರಿದು ಒರೆಸದೆ ಒಣಗಲು ಬಿಡುವುದು, ವಾರಕ್ಕೊಮ್ಮೆ. ಚರ್ಮ ತಣಿಯಲೆಂದು ಇದು, ಚಿಗಟ ಕೊಲ್ಲಲೆಂದಲ್ಲ. ಓಟ್ಸ್ ಸ್ನಾನ ಅದಕ್ಕಿಂತಲೂ ಹೆಚ್ಚು ನೆಮ್ಮದಿ ಕೊಡುತ್ತದೆ: 100 ಗ್ರಾಂ ಓಟ್ಸನ್ನು ನೀರಿಗೆ ಹಾಕಿದರೆ ಹಾಲಿನಂತೆ ಕದಡುವಷ್ಟು ನುಣ್ಣಗೆ ಪುಡಿ ಮಾಡಿ, ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಹತ್ತು ನಿಮಿಷ ಮೈಮೇಲೆ ಮಗ್ಗಿನಿಂದ ಸುರಿಯುತ್ತಿರಬೇಕು. ತರಚು ಗಾಯಕ್ಕೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ಅರ್ಧ ಚಮಚ ಅರಿಶಿನ, ತೆಳ್ಳಗೆ ಸವರಿ ಹತ್ತು ನಿಮಿಷದ ಮೇಲೆ ಒರೆಸುವುದು. ನೀರು ಒಸರುವ ಹಸಿಗಾಯಕ್ಕೆ ಎಣ್ಣೆ ಕೂಡದು, ಅಡಿಯಲ್ಲಿ ಕೀವು ಕಟ್ಟುತ್ತದೆ. ಅದಕ್ಕೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ತೊಳೆಯುವುದೇ ಮೇಲು.

ಹೊಟ್ಟೆಗೆ ಅರಿಶಿನ ಕೊಡಲೇಬೇಕೆಂಬ ಹಠ ಮನೆಯಲ್ಲಿತ್ತು. ಕಾಲು ಟೀ ಚಮಚ, ಎಣ್ಣೆಯೊಂದಿಗೆ ಊಟದಲ್ಲಿ ಕಲಸಿದರೆ ಹಾನಿಯೇನಿಲ್ಲ. ಆದರೆ ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ, ಹೀಗಾಗಿ ತುರಿಕೆ ವಾಸಿಯಾಗುವ ಆಸೆ ಇಟ್ಟುಕೊಳ್ಳಬಾರದು. ಶಸ್ತ್ರಚಿಕಿತ್ಸೆ ಹತ್ತಿರವಿದ್ದರೆ, ನೋವಿನ ಮಾತ್ರೆ ನಡೆಯುತ್ತಿದ್ದರೆ, ಪಿತ್ತಕೋಶದ ತೊಂದರೆಯಿದ್ದರೆ ಬೇಡವೇ ಬೇಡ.

ಹನ್ನೆರಡು ವಾರಗಳಲ್ಲಿ ಆದದ್ದು

ಹೊಸ ಊಟಕ್ಕೆ ಹತ್ತು ದಿನದಲ್ಲಿ ಬದಲಾಗಬೇಕೆಂದು ಹೇಳಿದ್ದು: ಮೊದಲ ಮೂರು ದಿನ ಕಾಲುಭಾಗ ಹೊಸದು, ಮುಂದಿನ ಮೂರು ದಿನ ಅರ್ಧ, ಮತ್ತೆ ಮೂರು ದಿನ ಮುಕ್ಕಾಲು. ಮನೆಯಲ್ಲಿ ಮೂರನೇ ದಿನಕ್ಕೇ ಪೂರ್ತಿ ಬದಲಾಯಿಸಿದರು. ಒಂದೇ ಸಲಕ್ಕೆ ನಾಲ್ಕು ಮೊಟ್ಟೆ, ಜೊತೆಗೆ ಸರಿಯಾಗಿ ಬೇಯದ ಬೇಳೆ. ಭೇದಿ ಶುರುವಾಯಿತು. ‘ಮೊಟ್ಟೆ ಇದಕ್ಕೆ ಆಗಲ್ಲ’ ಎಂಬ ತೀರ್ಮಾನಕ್ಕೆ ಮನೆಯವರು ಬಂದಿದ್ದರು. ಎರಡು ದಿನ ಮೆತ್ತಗಿನ ಅನ್ನ, ಒಂದು ಬೆಂದ ಮೊಟ್ಟೆ, ಎರಡು ಚಮಚ ಬೆಂದ ಕುಂಬಳಕಾಯಿ, ಅರ್ಧ ಟೀ ಚಮಚ ಇಸಬ್ಗೋಲನ್ನು 50 ಮಿಲಿ ನೀರಿನಲ್ಲಿ ನೆನೆಸಿ ಕಲಸಿ ಕೊಟ್ಟಾಗ ಮಲ ಕಟ್ಟಿತು. ಇಸಬ್ಗೋಲನ್ನು ನೆನೆಸದೆ ಉದುರಿಸಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಭಯವಿದೆ. ಆಮೇಲೆ ಹತ್ತು ದಿನದ ಕ್ರಮವನ್ನು ಮೊದಲಿಂದ ಹಿಡಿದರು, ತೊಂದರೆಯಾಗಲಿಲ್ಲ.

ನಾಲ್ಕನೇ ವಾರಕ್ಕೆ ತುರಿಕೆ ಬಹುಪಾಲು ಇಳಿಯಿತು, ಕೆಂಪುಕಣ ಶೇ 36. ಎಂಟನೇ ವಾರಕ್ಕೆ ಶೇ 41, ಲೇಪನದಲ್ಲಿ ಹೀನ್ಜ್ ಕಾಯ ಇಲ್ಲ, ಬೋಳಾದಲ್ಲಿ ಕುಚ್ಚುಗೂದಲು. ಕೂದಲು ನಿಧಾನ. ಊಟ ಬದಲಾದ ಎರಡು ವಾರಕ್ಕೇ ಹೊಳಪು ಬರಲಿಲ್ಲವೆಂದು ಎಣ್ಣೆಯನ್ನು ಮೂರು ಚಮಚಕ್ಕೆ ಏರಿಸುವವರಿದ್ದಾರೆ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಸಂಭವವೇ ಹೆಚ್ಚು. ಹನ್ನೆರಡನೇ ವಾರಕ್ಕೆ ತೂಕ 17.9 ಕೆಜಿ.

ಎಂಟನೇ ವಾರದಲ್ಲಿ ಕಿವಿಯ ಹಿಂದೆ ಎರಡು ಉಣ್ಣೆ ಸಿಕ್ಕಿದವು. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಎಳೆದು ತೆಗೆದರು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಚರ್ಮ ಸುಟ್ಟೀತು. ಮುಂದಿನ ಮೂರು ವಾರ ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಕಾಫಿ ಬಣ್ಣದ ಮೂತ್ರ ಇವುಗಳ ಮೇಲೆ ಕಣ್ಣಿಡಲು ಹೇಳಲಾಯಿತು. ಇದರಲ್ಲಿ ಯಾವುದು ಕಂಡರೂ ಅದೇ ದಿನ ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಇಳಿದರೆ ಪಪ್ಪಾಯಿ ಎಲೆಯ ರಸ ಕುಡಿಸುವುದು ಈಗ ಎಲ್ಲೆಡೆ ರೂಢಿ. ಆದರೆ ಉಣ್ಣೆಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ರಸದಿಂದ ಸಾಯುವುದಿಲ್ಲ. ಅದಕ್ಕೆ ಡಾಕ್ಸಿಸೈಕ್ಲಿನ್, ಕೆಜಿಗೆ ದಿನಕ್ಕೆ 10 ಮಿಗ್ರಾಂ, 28 ದಿನ, ಊಟದೊಂದಿಗೆ. ರಸವನ್ನು ನೆಚ್ಚಿ ಕಳೆದುಕೊಂಡ ನಾಲ್ಕು ದಿನವೇ ಕೆಲವು ನಾಯಿಗಳಿಗೆ ಉಳಿದಿದ್ದ ನಾಲ್ಕು ದಿನವಾಗಿರುತ್ತದೆ.

ಚಿನ್ನಿಗೆ ಜ್ವರ ಬರಲಿಲ್ಲ. ಚಿಗಟದ ಮಾತ್ರೆಯನ್ನು ಮೂರು ತಿಂಗಳಿಗೆ ನಿಲ್ಲಿಸದೆ ಮಳೆಗಾಲ ಮುಗಿಯುವ ತನಕ ಮುಂದುವರಿಸಿದ್ದಾರೆ. ಆರು ತಿಂಗಳಿಗೊಮ್ಮೆ ರಕ್ತ ಮತ್ತು ಮಲ ಪರೀಕ್ಷೆ, ತಿಂಗಳಿಗೊಮ್ಮೆ ತೂಕ. ತೂಕ 18.5 ದಾಟಿದರೆ ಮೊದಲು ಅಕ್ಕಿಯನ್ನು 15 ಗ್ರಾಂ ಇಳಿಸಬೇಕು. ಮೊಟ್ಟೆಯನ್ನಲ್ಲ.